ಮಿಷನ್ ಟ್ರಿಪ್‌ಗೆ ನಾನು ಬ್ಯಾಗ್ ಕಟ್ಟುವ ರೀತಿ

ಹೊರದೇಶದ ಸೇವೆಗೆ ಹೋಗುವುದು ಗೊತ್ತಾದ ಕೂಡಲೇ ನಾನು ಅಲ್ಲಿನ ಸಭೆಯ, ಅಂದರೆ ಚರ್ಚ್‌ನ, ಪಾಸ್ಟರ್‌ಗೆ ಫೋನ್ ಮಾಡುತ್ತೇನೆ. ಏನು ತರಲಿ ಅಂತ ಕೇಳುವುದಕ್ಕಿಂತ ಜಾಸ್ತಿ, ಏನು ತರಬಾರದು ಅಂತ ಕೇಳುತ್ತೇನೆ. ಹಳೇ ಬಟ್ಟೆ ಒಳಗೆ ತರುವುದನ್ನೇ ಕೆಲವು ದೇಶಗಳು ತಡೆಯುತ್ತವೆ. ಹಂಚಲು ಜಾಸ್ತಿ ಔಷಧಿ ಒಯ್ದರೆ ಕಸ್ಟಮ್ಸ್‌ನಲ್ಲಿ ಅನುಮತಿ ಪತ್ರ ಕೇಳಬಹುದು. ನೋಟ್‌ಬುಕ್, ಪೆನ್ಸಿಲ್ ಅಲ್ಲಿಯೇ ಸಿಗುವುದಾದರೆ ಅಲ್ಲೇ ಕೊಳ್ಳುತ್ತೇನೆ. ಆ ದುಡ್ಡು ಆ ಊರಿನ ಅಂಗಡಿಯವರಿಗೇ ಹೋಗಲಿ.

ವೀಸಾ ವಿಷಯವನ್ನೂ ಆಗಲೇ ನೇರವಾಗಿ ಕೇಳುತ್ತೇನೆ. ಪ್ರವಾಸಿ ವೀಸಾದಲ್ಲಿ ಹೋಗಿ ಬೋಧನೆ ಮಾಡುವುದು ಕೆಲವು ಕಡೆ ಅಪರಾಧ. ನಾವು ವಾಪಸ್ ಬರುತ್ತೇವೆ, ಆದರೆ ತೊಂದರೆ ಅನುಭವಿಸುವವರು ನಮ್ಮನ್ನು ಕರೆಸಿಕೊಂಡ ಸಭೆಯವರು. ಇದರಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳ ಅವಧಿ ಉಳಿದಿರಬೇಕು ಅಂತ ಬಹಳ ದೇಶಗಳು ಕೇಳುತ್ತವೆ, ಅದನ್ನೂ ನೋಡಿಕೊಳ್ಳುತ್ತೇನೆ.

ಆಮೇಲೆ ಡಾಕ್ಟರ್. ಹಳದಿ ಜ್ವರದ ಲಸಿಕೆ ಬೇಕಾದ ದೇಶವಾದರೆ, ಚುಚ್ಚಿಸಿಕೊಂಡು 10 ದಿನ ಆದ ಮೇಲೆಯೇ ಆ ಸರ್ಟಿಫಿಕೇಟ್ ನಡೆಯುತ್ತದೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ, ಹಾಗಾಗಿ ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟಿದ್ದೇನೆ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳನ್ನೂ ಕೇಳಿ ಹಾಕಿಸಿಕೊಳ್ಳುತ್ತೇನೆ.

ಸಾಮಾನಿನ ವಿಷಯಕ್ಕೆ ಬಂದರೆ, ಬೈಬಲ್‌ನಲ್ಲಿರುವ ಪೌಲನ ಪತ್ರದ ಒಂದು ಮಾತು ನನಗೆ ತುಂಬಾ ಇಷ್ಟ. ತ್ರೋವ ಅನ್ನೋ ಊರಿನಲ್ಲಿ ಬಿಟ್ಟುಬಂದ ಮೇಲಂಗಿ, ಪುಸ್ತಕಗಳನ್ನು ತರಲು ಅವನು ತನ್ನ ಜೊತೆ ಸೇವಕ ತಿಮೊಥೆಗೆ ಹೇಳಿಕಳಿಸುತ್ತಾನೆ. ಚಳಿಗೊಂದು ಬಟ್ಟೆ, ಓದಲು ಪುಸ್ತಕ. ಅಷ್ಟು ದೊಡ್ಡ ಸೇವಕನ ಪಟ್ಟಿ ಅಷ್ಟೇ ಅಲ್ವಾ! ನನ್ನ ಪಟ್ಟಿಯೂ ಚಿಕ್ಕದೇ. ಭುಜ, ಮೊಣಕಾಲು ಮುಚ್ಚುವ, ಬೇಗ ಒಣಗುವ ಬಟ್ಟೆ. ಟಾರ್ಚ್, ಓಆರ್‌ಎಸ್ ಪುಡಿ, ಸೊಳ್ಳೆ ಕ್ರೀಮ್, ಸತ್ಯವೇದ. ನಾನು ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಕಂಪನಿಯ ಪ್ಯಾಕ್‌ನಲ್ಲೇ, ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲಿ ಇಡುತ್ತೇನೆ. ಒಂದು ಜೊತೆ ಬಟ್ಟೆಯೂ ಅದರಲ್ಲೇ. ದೊಡ್ಡ ಬ್ಯಾಗ್ ತಡವಾಗಿ ಬಂದರೂ ಮರುದಿನದ ಆರಾಧನೆಗೆ ಹೋಗಬಹುದು. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗ್‌ನಲ್ಲಿ ಬಿಡುವುದಿಲ್ಲ.

ಹೊರಡುವ ಮುಂಚಿನ ವಾರಗಳಲ್ಲಿ ನಮ್ಮ ತಂಡ ಕೂಡಿ ಪ್ರಾರ್ಥಿಸುತ್ತದೆ. ಅಲ್ಲಿನ ಸಭೆಯ ಪ್ರಾರ್ಥನಾ ವಿಷಯಗಳನ್ನು ಮೊದಲೇ ಕೇಳಿ ತರಿಸಿಕೊಂಡಿರುತ್ತೇವೆ. ಹೆಸರುಗಳು ಗೊತ್ತಿದ್ದು ಹೋದರೆ, ಸುಮ್ನೆ ಅತಿಥಿಗಳಾಗಿ ಹೋದಂತೆ ಅನಿಸುವುದಿಲ್ಲ. ಸಾಕ್ಷಿಯನ್ನು, ಅಂದರೆ ನಮ್ಮ ನಂಬಿಕೆಯ ಅನುಭವದ ಮಾತನ್ನು, 5 ನಿಮಿಷಕ್ಕೆ ಇಳಿಸಿ ಅಭ್ಯಾಸ ಮಾಡುತ್ತೇವೆ, ಯಾಕೆಂದರೆ ದುಭಾಷಿ ಇದ್ದರೆ ಅದೇ 10 ನಿಮಿಷ ಆಗುತ್ತದೆ.

ಮಲೇರಿಯಾ ಇರುವ ಕಡೆಗೆ ಹೋದರೆ, ಮನೆಗೆ ಬಂದ ಮೇಲೂ ಅದನ್ನು ತಡೆಯುವ ಮಾತ್ರೆ ನಿಲ್ಲಿಸುವಂತಿಲ್ಲ. ಡಾಕ್ಸಿಸೈಕ್ಲಿನ್ ಆದರೆ ಇನ್ನೂ 4 ವಾರ ತೆಗೆದುಕೊಳ್ಳಬೇಕು. ಆ ಮಾತ್ರೆಗಳನ್ನೂ ಲೆಕ್ಕ ಹಾಕಿಯೇ ಕೊಳ್ಳುತ್ತೇನೆ.