ಊಟದ ನಂತರದ ಹನ್ನೆರಡು ನಿಮಿಷ: ನನ್ನ ಅನುಭವ

ಲಕ್ವ ಹೊಡೆದು ಎಡಗೈ, ಎಡಗಾಲು ಸೋತಿದ್ದ, ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ಮಂಡ್ಯ ಕಡೆಯ ಹಿರಿಯರೊಬ್ಬರನ್ನು ಊಟವಾದ ಮೇಲೆ ನಡೆಸುತ್ತೇನೆಂದಾಗ ಅವರ ಮನೆಯವರೂ ಒಪ್ಪಲಿಲ್ಲ, ನನ್ನೊಡನೆ ಮನೆ ಶುಶ್ರೂಷೆಗೆ ಹೋಗುವ ದಾದಿಯರೂ ಒಪ್ಪಲಿಲ್ಲ.

ಮೊದಲ ಎರಡು ತಿಂಗಳು ನಾನು ಮಾಡಿದ್ದು ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ಸಕ್ಕರೆ ಅಳೆದು ಬರೆದಿಟ್ಟದ್ದಷ್ಟೇ. ಅಳೆಯುವ ಸ್ಟ್ರಿಪ್ಪೊಂದಕ್ಕೆ ಇಪ್ಪತ್ತು ರೂಪಾಯಿಯಂತೆ ಸುಮಾರು 5,000 ರೂಪಾಯಿ ಖರ್ಚಾಯಿತು. ಸಕ್ಕರೆ ಮಾತ್ರ ಒಂದು ದಿನ 110, ಮರುದಿನ 320 ಎಂದು ಏರಿಳಿಯುತ್ತಲೇ ಇತ್ತು. ಕಾರಣ ಕಡೆಗೆ ಹೊಟ್ಟೆಯನ್ನು ಮುಟ್ಟಿ ನೋಡಿದಾಗ ಸಿಕ್ಕಿತು. ಒಂದೇ ಕೈಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ಅವರು ಸಲೀಸಾಗಿ ಸಿಗುವ ಒಂದೇ ಜಾಗಕ್ಕೆ ವರ್ಷಗಟ್ಟಲೆ ಚುಚ್ಚಿ, ಅಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಟ್ಟಿತ್ತು. ಗಂಟಿನಲ್ಲಿ ನೋವು ಕಡಿಮೆಯಾದ್ದರಿಂದ ಅವರಿಗೆ ಅದೇ ಹಿತವಾಗಿತ್ತು. ಆದರೆ ಗಂಟಿಗೆ ಚುಚ್ಚಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ; ಒಳ್ಳೆಯ ಜಾಗಕ್ಕೆ ಚುಚ್ಚಿದರೆ ಅದೇ ಪ್ರಮಾಣ ಹೆಚ್ಚಾಗಿಬಿಡಬಹುದು. ಜಾಗವನ್ನು ಬದಲಿಸಿದೆ, ಆದರೆ ವೈದ್ಯರಿಗೆ ತಿಳಿಸಲಿಲ್ಲ. ಅದು ನನ್ನ ದೊಡ್ಡ ತಪ್ಪು. ಮೂರನೆಯ ದಿನ ನಸುಕಿನಲ್ಲಿ ಅವರು ಬೆವರಿ ನಡುಗುತ್ತಿದ್ದರು. ಮೀಟರ್ 54 ತೋರಿಸಿತು. ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡೆವು. ಆಮೇಲೆ ವೈದ್ಯರು ಇನ್ಸುಲಿನ್ ಪ್ರಮಾಣವನ್ನು ಐದನೆಯ ಒಂದು ಭಾಗದಷ್ಟು ಇಳಿಸಿದರು.

ನಡಿಗೆಯನ್ನು ವೈದ್ಯರ ಒಪ್ಪಿಗೆ ಪಡೆದು ಆರಂಭಿಸಿದೆ. ಊಟವಾಗಿ ಅರ್ಧ ಗಂಟೆಯೊಳಗೆ, ನಾಲ್ಕು ಕಾಲಿನ ಊರುಗೋಲು ಹಿಡಿದು, ನಡುಮನೆಯಿಂದ ಜಗಲಿಗೆ: ಮೊದಲ ದಿನ ಮೂರು ನಿಮಿಷ, ಐದಾರು ವಾರಗಳಲ್ಲಿ ಹನ್ನೆರಡು. ಕಾಲು ಭಾರವೆನ್ನುವ ದಿನ ಕುರ್ಚಿಯಿಂದ ಹತ್ತು ಬಾರಿ ಏಳಿಸಿ ಕೂರಿಸುತ್ತಿದ್ದೆ. ಬೀಳುವ ಭಯದಲ್ಲಿರುವವರಿಂದ ಮೊದಲ ಮೂರು ಹೆಜ್ಜೆ ಇಡಿಸುವ ಉಪಾಯವೊಂದು ನನಗೆ ಸಿದ್ಧಿಸಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು. ಸ್ಟ್ರಿಪ್ಪುಗಳನ್ನು ವಾರಕ್ಕೆ ಮೂರು ದಿನ, ಒಂದೇ ಊಟದ ಮುಂಚೆ ಮತ್ತು ಎರಡು ಗಂಟೆಯ ನಂತರ, ಜೋಡಿಯಾಗಿ ಬಳಸಿದೆ. ತಲೆಸುತ್ತು, ಬೆವರು ಕಂಡರೆ ಬೇಕೆಂದು ಒಂದಷ್ಟನ್ನು ಬೇರೆಯಾಗಿಯೇ ಇಟ್ಟಿದ್ದೆ.

ಈ ಜೋಡಿ ಲೆಕ್ಕದಿಂದಲೇ ಇನ್ನೊಂದು ವಿಷಯ ತಿಳಿಯಿತು. ರಾಗಿ ಒಳ್ಳೆಯದೆಂದು ನಂಬಿ ಕೊಡುತ್ತಿದ್ದ ಅದರ ತೆಳು ಗಂಜಿ ಅವರಲ್ಲಿ ಮುದ್ದೆಗಿಂತ ಬೇಗ ಸಕ್ಕರೆಯನ್ನು ಏರಿಸುತ್ತಿತ್ತು. ಸೊಪ್ಪಿನ ಪಲ್ಯವನ್ನು ಮೊದಲು ತಿನ್ನಿಸಿ ಆಮೇಲೆ ಅರ್ಧ ಮುದ್ದೆ ಕೊಟ್ಟ ದಿನಗಳ ಅಂಕಿ ಇನ್ನೂ ಚೆನ್ನಾಗಿತ್ತು.

ಮಧ್ಯಾಹ್ನದ ಊಟದ ನಂತರ 280ರ ಆಸುಪಾಸಿನಲ್ಲಿದ್ದ ಸಕ್ಕರೆ 190ಕ್ಕೆ ಇಳಿಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ HbA1c ರಕ್ತಪರೀಕ್ಷೆಯ ಅಂಕಿ ಶೇಕಡಾ 9.8ರಿಂದ 7.9ಕ್ಕೆ ಬಂತು. ಇಂಥ ಹಿರಿಯರಿಗೆ ಎಂಟರೊಳಗಿದ್ದರೆ ಸಾಕೆಂದು ವೈದ್ಯರು ಹೇಳಿದರು. ನನಗೆ ಅದಕ್ಕಿಂತ ಹೆಮ್ಮೆಯೆನಿಸಿದ್ದು, ಅವರು ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗಿಬರುವುದು, ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳುವುದು.

ಅಂದು ಬೇಡವೆಂದಿದ್ದ ದಾದಿಯೊಬ್ಬರು ಈಗ ತಮ್ಮ ಇಬ್ಬರು ರೋಗಿಗಳಿಗಾಗಿ ನನ್ನನ್ನು ಕರೆದಿದ್ದಾರೆ. ಅವರಲ್ಲೊಬ್ಬರ ಅಂಗಾಲಿನಲ್ಲಿ ಹುಣ್ಣಿರುವುದರಿಂದ ಅವರನ್ನು ನಡೆಸುತ್ತಿಲ್ಲ. ಕುರ್ಚಿಯಲ್ಲೇ ಕೂರಿಸಿ, ನೀರು ತುಂಬಿದ ಅರ್ಧ ಲೀಟರ್ ಬಾಟಲಿಗಳನ್ನು ಕೈಯಲ್ಲಿ ಎತ್ತಿಸುತ್ತಿದ್ದೇನೆ.