ಕಬ್ಬಿನ ಗದ್ದೆಯ ನರಿಗಳು ಮತ್ತು ನನ್ನ ಬಂಡೂರು ಮರಿಗಳು: ಕೂಗು, ಬ್ಯಾಟರಿ ಮತ್ತು ಮೂರು ವರ್ಷದ ರಾತ್ರಿ ಕಾವಲು

ಮಳವಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ನನಗೆ ಎರಡೂವರೆ ಎಕರೆ ಕಬ್ಬು, ಮೇಲಿನ ಹೊಲದಲ್ಲಿ ಒಂದಿಷ್ಟು ರಾಗಿ, ಹುರುಳಿ ಮತ್ತು ಸುಮಾರು ಮೂವತ್ತು ಬಂಡೂರು ಕುರಿಗಳಿವೆ. ಈ ತಳಿಯನ್ನು ಸಾಕಿದವರಿಗೆ ಗೊತ್ತಿರುವಂತೆ ಇದರಲ್ಲಿ ಅವಳಿ ಮರಿ ಅಪರೂಪ, ಹುಟ್ಟಿದ ಮರಿ ತೂಗುವುದೂ ಎರಡು ಕಿಲೋ ಆಸುಪಾಸು ಮಾತ್ರ. ಆದ್ದರಿಂದ ಒಂದು ಮರಿ ಹೋಯಿತೆಂದರೆ ಆ ತಾಯಿಕುರಿಯ ಆ ಸೂಲಿನ ದುಡಿಮೆಯೆಲ್ಲ ಹೋದಂತೆಯೇ. ಮೂರು ವರ್ಷದ ಹಿಂದೆ ಸುತ್ತಮುತ್ತಲ ಕಬ್ಬು ಕಟಾವು ನಡೆಯುತ್ತಿದ್ದಾಗ, ಹನ್ನೆರಡು ದಿನದಲ್ಲಿ ನನ್ನ ಕೊಟ್ಟಿಗೆಯಿಂದ ನಾಲ್ಕು ಮರಿಗಳು ಕಾಣೆಯಾದವು. ರಕ್ತವಿಲ್ಲ, ಸದ್ದಿಲ್ಲ, ಹಿಂಬದಿಯ ಬಿದಿರು ತಟ್ಟಿಯ ಕೆಳಗೆ ಒಂದು ಗೇಣು ಮಣ್ಣು ಕೆರೆದಿತ್ತು, ಅಷ್ಟೆ.

ನಮ್ಮ ಕಡೆ ಎಲ್ಲವನ್ನೂ ನರಿಯೆಂದೇ ಕರೆಯುತ್ತೇವೆ, ಆದರೆ ಇಲ್ಲಿ ಎರಡು ಬೇರೆ ಪ್ರಾಣಿಗಳಿವೆ. ಒಂದು ಬಯಲಿನಲ್ಲಿ, ಹುಲ್ಲುಗಾವಲಿನಲ್ಲಿ ಬಿಲ ತೋಡಿಕೊಂಡಿರುವ ಚಿಕ್ಕದು, ಇಂಗ್ಲಿಷಿನ ಫಾಕ್ಸ್. ಪೊದೆಯಂಥ ಬಾಲದ ತುದಿ ಕಪ್ಪಗಿರುತ್ತದೆ, ಮೂರು ಕಿಲೋ ತೂಗಿದರೆ ಹೆಚ್ಚು, ಇಲಿ, ಹುಳುಹುಪ್ಪಟೆ, ಹಣ್ಣು ತಿಂದುಕೊಂಡಿರುತ್ತದೆ. ಇನ್ನೊಂದು ಕಬ್ಬಿನೊಳಗೆ ಅಡಗಿ ಹೊತ್ತು ಮುಳುಗಿದ ಮೇಲೆ ಊಳಿಡುವ ದೊಡ್ಡದು, ಇಂಗ್ಲಿಷಿನ ಜಾಕಲ್. ಎಂಟು ಹತ್ತು ಕಿಲೋ ತೂಗುತ್ತದೆ. ಮರಿಗೆ ಬಾಯಿ ಹಾಕುವುದು ಈ ಎರಡನೆಯದು. ಕಬ್ಬು ಎದ್ದು ನಿಂತಿರುವಷ್ಟು ದಿನ ಅದಕ್ಕೆ ಮನೆಯೂ ಅಲ್ಲೇ, ಊಟವೂ ಅಲ್ಲೇ. ಕಟಾವಾಗಿ ತರಗಿಗೆ ಬೆಂಕಿ ಬಿದ್ದ ದಿನ ಅದು ಮುಂದಿನ ಗದ್ದೆಗೆ ಹೊರಡುತ್ತದೆ, ದಾರಿಯಲ್ಲಿ ಯಾರ ಕೊಟ್ಟಿಗೆ ಸಿಕ್ಕಿದರೆ ಅವರದ್ದು.

ಇಂಗ್ಲೆಂಡಿನ ಕುರಿ ಸಾಕಣೆಯವರು ನರಿಯನ್ನು ರಾತ್ರಿ ಹೇಗೆ ನಿಭಾಯಿಸುತ್ತಾರೆಂದು ಮಗ ಒಂದು ಸಂಜೆ ಮೊಬೈಲಿನಲ್ಲಿ ತೋರಿಸಿದ್ದ. ಗಾಯಗೊಂಡ ಮೊಲದ ಕೂಗನ್ನು ಅನುಕರಿಸಿ ನರಿಯನ್ನು ಹತ್ತಿರ ಕರೆಯುತ್ತಾರೆ, ದೊಡ್ಡ ದೀಪದಲ್ಲಿ ಕಣ್ಣಿನ ಹೊಳಪು ಹುಡುಕಿ ಗುಂಡು ಹೊಡೆಯುತ್ತಾರೆ. ಅಲ್ಲಿ ಅದು ಕಾನೂನಿಗೆ ಒಳಪಟ್ಟ ಕೆಲಸ. ಇಲ್ಲಿ ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ನಮ್ಮ ಈ ಎರಡೂ ನರಿಗಳು ಮೊದಲನೇ ಅನುಸೂಚಿಯಲ್ಲಿವೆ, ಅಂದರೆ ಹುಲಿ, ಚಿರತೆಗಳ ಸಾಲಿನಲ್ಲಿ. ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಆಮಿಷ ಒಡ್ಡುವುದೂ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಹೀಗಾಗಿ ಆ ವಿಧಾನದಿಂದ ಬಂದೂಕನ್ನು ಕಳೆದು, ಉಳಿದ ಎರಡನ್ನು, ಎಂದರೆ ಕೂಗನ್ನೂ ಬೆಳಕನ್ನೂ, ನರಿ ಎಲ್ಲಿದೆ, ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿಯಲು ಮಾತ್ರ ಬಳಸಬಹುದೇ ಎಂದು ನೋಡಿದೆ.

ಕೂಗಿನ ವಿದ್ಯೆ ಹೇಳಿಕೊಟ್ಟವರು ಪಕ್ಕದ ಜಮೀನಿನ ಅಜ್ಜ. "ಎಷ್ಟ್ ನರಿ ಅವೆ ಅಂತ ಎಣಿಸ್ಬ್ಯಾಡ ಕಣ್ಲಾ, ಎಷ್ಟ್ ದಿಕ್ಕಿಂದ ಕೂಗ್ತವೆ ಅಂತ ಎಣ್ಸು" ಎಂದರು. ಅವರ ಮಾತು ಸರಿ. ಎರಡು ನರಿ ಒಟ್ಟಿಗೆ ಊಳಿಟ್ಟರೆ ದನಿ ಏರಿಳಿದು, ಒಡೆದು, ಹತ್ತು ನರಿಯಂತೆ ಕೇಳಿಸುತ್ತದೆ. ಹೊತ್ತು ಮುಳುಗಿ ಅರ್ಧ ಗಂಟೆಯಾದ ಮೇಲೆ ನಾಲೆಯ ಏರಿಯ ಮೇಲೆ ನಿಂತು ಎರಡು ಅಂಗೈಯನ್ನು ಬಾಯಿಗೆ ಬೋಗುಣಿಯಂತೆ ಹಿಡಿದು ನಾನು ಊಳಿಟ್ಟರೆ, ಮೊದಲು ಊರಿನ ನಾಯಿಗಳು ಬೊಗಳುತ್ತವೆ, ಅವು ಸುಮ್ಮನಾದ ಮೇಲೆ ಉತ್ತರ ಬರುತ್ತದೆ. ಮೊದಲ ಸಲ ಮೂರು ದಿಕ್ಕಿನಿಂದ ಬಂತು. ಆಲೆಮನೆಯ ಹಿಂದಿನ ಗದ್ದೆಯದು ನನ್ನ ಕೊಟ್ಟಿಗೆಗೆ ಇನ್ನೂರು ಮಾರು ದೂರವಿತ್ತು. ದಿನಾ ಕೂಗಿದರೆ ಮಾತ್ರ ಕೆಲಸ ಕೆಡುತ್ತದೆ; ನಾಲ್ಕನೆಯ ದಿನಕ್ಕೆ ಅವು ಉತ್ತರ ಕೊಡುವುದನ್ನೇ ಬಿಟ್ಟವು. ಈಗ ಹದಿನೈದು ದಿನಕ್ಕೊಮ್ಮೆ, ಹೊಸ ಗದ್ದೆ ಕಟಾವಾದ ಮಾರನೆಯ ಸಂಜೆ, ಒಂದೇ ಸಲ ಕೂಗುತ್ತೇನೆ. ನನ್ನ ಹೆಂಡತಿಗೆ ಇದೆಲ್ಲ ಇಂದಿಗೂ ನಾಚಿಕೆಯ ವಿಷಯ.

ಮೊಬೈಲಿನಲ್ಲಿ ಕಂಡಂತೆ ಮುಂಗೈಯ ಹಿಂಬದಿಗೆ ತುಟಿಯೊತ್ತಿ ಇಲಿಯ ಕೀಚಲು ದನಿಯನ್ನೂ ಒಮ್ಮೆ ಮಾಡಿ ನೋಡಿದೆ. ಮುಂದೆ ಕಾಣುತ್ತಿದ್ದ ಕಣ್ಣು ಆರಿಹೋಯಿತು, ಐದು ನಿಮಿಷವಾದ ಮೇಲೆ ನನ್ನ ಬೆನ್ನ ಹಿಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ತರಗು ಸರಕ್ಕೆಂದಿತು. ನರಿ ನೇರವಾಗಿ ಬಂದಿರಲಿಲ್ಲ. ನನ್ನ ಮೇಲಿಂದ ಬೀಸುವ ಗಾಳಿ ತನ್ನ ಮೂಗಿಗೆ ಬಡಿಯುವ ಕಡೆಗೆ ಸುತ್ತು ಹಾಕಿ ಬಂದು, ವಾಸನೆ ನೋಡಿ ಹೋಗಿತ್ತು. ಕೊಟ್ಟಿಗೆಯ ಹತ್ತಿರಕ್ಕೆ ಬಂದರೆ ಇಲಿ ಸಿಗುತ್ತದೆಂದು ನಾನೇ ಅದಕ್ಕೆ ಪಾಠ ಹೇಳಿದಂತಾಯಿತಲ್ಲ ಎಂದು ಅನ್ನಿಸಿ, ಕಾನೂನಿನ ಮಾತೂ ನೆನಪಾಗಿ, ಆ ಕೆಲಸವನ್ನು ಅಂದಿಗೇ ಬಿಟ್ಟೆ. ಆದರೆ ಗಾಳಿಯ ಕೆಳಗಿನ ಬದಿಯನ್ನೇ ಹೆಚ್ಚು ಕಾಯಬೇಕೆಂಬುದು ತಿಳಿದದ್ದು ಅಲ್ಲಿಂದಲೇ.

ಬೆಳಕಿನ ವಿಷಯದಲ್ಲಿ ನನ್ನ ಮೊದಲ ತಪ್ಪು ಬ್ಯಾಟರಿಯನ್ನು ಸೊಂಟದ ಮಟ್ಟದಲ್ಲಿ ಹಿಡಿದದ್ದು. ಪ್ರಾಣಿಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದ್ದು, ಬಿದ್ದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆದ್ದರಿಂದ ಬ್ಯಾಟರಿ ನಮ್ಮ ಕಣ್ಣಿನ ಪಕ್ಕದಲ್ಲೇ, ಕಪಾಲಕ್ಕೆ ತಾಗಿದಂತೆ ಇದ್ದರೆ ಮಾತ್ರ ದೂರದ ಹೊಳಪು ನಮಗೆ ಕಾಣುತ್ತದೆ. ತಲೆಗೆ ಕಟ್ಟುವ ದೀಪ ಕೊಂಡ ಮೇಲೆ ಅದೇ ಹೊಲ ಬೇರೆ ಲೋಕವಾಯಿತು. ಹುಲ್ಲಿನಲ್ಲಿ ಮಂಜಿನ ಹನಿಯಂತೆ ಮಿನುಗುವ ನೂರಾರು ಚುಕ್ಕೆಗಳು ಜೇಡಗಳ ಕಣ್ಣು. ಹಸಿರು ನೀಲಿಯಾಗಿ ಗುಂಪಿನಲ್ಲಿ ಹೊಳೆದು ಅಲ್ಲೇ ನಿಂತಿರುವವು ಕುರಿಗಳದ್ದು. ನರಿಯದು ಹಳದಿ ಬಿಳುಪು. ಅದು ನಿಂತು ನೋಡುತ್ತದೆ, ಮುಖ ತಿರುಗಿಸಿದಾಗ ಆರುತ್ತದೆ, ಹತ್ತು ಹೆಜ್ಜೆ ಆಚೆ ಮತ್ತೆ ಹೊತ್ತಿಕೊಳ್ಳುತ್ತದೆ. ನಾಯಿಯ ಕಣ್ಣಿನ ಬಣ್ಣವೂ ಹೆಚ್ಚುಕಡಿಮೆ ಅದೇ, ನಡಿಗೆ ಬೇರೆ: ಊರ ನಾಯಿ ಬೆಳಕಿನತ್ತ ಬೊಗಳಿಕೊಂಡು ಬರುತ್ತದೆ, ಇಲ್ಲವೇ ಬಾಲ ಮುದುರಿ ನೆಟ್ಟಗೆ ಓಡುತ್ತದೆ. ಬಿಳಿ ಬೆಳಕಿಗೆ ನರಿ ಬೇಗ ಬೆದರುತ್ತದೆ; ಹೂವಿನಂಗಡಿಯಿಂದ ತಂದ, ಗಾಜಿನಂತೆ ಆಚೆ ಕಾಣುವ ಕೆಂಪು ಕಾಗದವನ್ನು ದೀಪಕ್ಕೆ ಕಟ್ಟಿದರೆ ಬಹಳ ಹೊತ್ತು ನೋಡಲು ಬಿಡುತ್ತದೆ. ಹಾಗೆ ಕೆಂಪಿನಲ್ಲಿ ನೋಡಿ ದಾರಿ ಗುರುತಿಸುವುದು, ಓಡಿಸಬೇಕಾದಾಗ ಕಾಗದ ತೆಗೆದು ಬಿಳಿ ಬೆಳಕು ಬಿಡುವುದು.

ಅಗಲವಾಗಿ ದೂರ ದೂರವಿರುವ, ನೆಲಮಟ್ಟದಲ್ಲಿ ಕದಲದೆ ನಮ್ಮನ್ನೇ ನೋಡುವ ಕಣ್ಣು ಕಂಡರೆ ಚಿರತೆಯೆಂದೇ ತಿಳಿದು, ಬೆನ್ನು ತೋರಿಸದೆ ಹಿಂದೆ ಸರಿದು ಮನೆ ಸೇರಬೇಕು. 2022ರ ಕೊನೆ ಮತ್ತು 2023ರ ಆರಂಭದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಜನರನ್ನೇ ಬಲಿ ತೆಗೆದುಕೊಂಡದ್ದನ್ನು ಕೇಳಿದ ಮೇಲೆ ನಾನು ಒಬ್ಬನೇ ರಾತ್ರಿ ಹೋಗುವುದಿಲ್ಲ.

ಒಂದು ವಾರದ ಕಾವಲಿನಲ್ಲಿ ಗೊತ್ತಾದ ಸಂಗತಿ ನನ್ನ ಮುಖಕ್ಕೇ ಹೊಡೆದಂತಿತ್ತು. ಕುರಿ ಈದಾಗ ಬಿದ್ದ ಮಾಸನ್ನು ನಾನು ಕೊಟ್ಟಿಗೆಯ ಹಿಂದಿನ ತೆವರಿಯ ಆಚೆ ಎಸೆಯುತ್ತಿದ್ದೆ. ನರಿ ಬರುತ್ತಿದ್ದದ್ದು ಅದಕ್ಕೆ, ಮಾಸು ಮುಗಿದ ಮೇಲೆ ಅದರ ವಾಸನೆಯ ಜಾಡಿನಲ್ಲೇ ತಟ್ಟಿಯ ಬುಡಕ್ಕೆ. ಈಗ ಮೂರು ಅಡಿ ಗುಂಡಿ ತೋಡಿ, ಮೇಲೆ ಕಲ್ಲು ಹೇರಿ ಹೂಳುತ್ತೇನೆ. ತಟ್ಟಿಯ ಬುಡದಲ್ಲಿ ತಂತಿ ಜಾಲರಿಯನ್ನು ನೆಲದ ಮೇಲೆ ಎರಡು ಅಡಿ ಹೊರಕ್ಕೆ ಮಡಿಸಿ ಮಣ್ಣು ಮುಚ್ಚಿದ್ದೇನೆ. ಕೆರೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಅಲ್ಲಿ ಉಗುರಿಗೆ ತಂತಿ ಸಿಕ್ಕಿದರೆ ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕೆ ಬರುವುದಿಲ್ಲ. ಕೊಟ್ಟಿಗೆಗೆ ಹಾಕಿಸಿದ್ದ ರಾತ್ರಿಯಿಡೀ ಉರಿಯುವ ದೀಪ ಮಾತ್ರ ದುಡ್ಡು ದಂಡ. ಹತ್ತು ದಿನದಲ್ಲಿ ನರಿಗಳಿಗೆ ಅದು ಬೆಳದಿಂಗಳಿನಷ್ಟೇ ಸಹಜವಾಯಿತು. ಹೊತ್ತು ಗೊತ್ತಿಲ್ಲದೆ ಬರುವ ಮನುಷ್ಯನ ಬೆಳಕಿಗೆ ಅವು ಇನ್ನೂ ಹೆದರುತ್ತವೆ.

ಅದೇ ವರ್ಷ ಹತ್ತಿರದ ಜಮೀನಿನವರೊಬ್ಬರು ಕೋಳಿ ಕರುಳಿಗೆ ವಿಷ ಬೆರೆಸಿ ಇಟ್ಟರು. ಸತ್ತದ್ದು ಎರಡು ನವಿಲು ಮತ್ತು ನನ್ನ ಕಾವಲು ನಾಯಿ. ನರಿಯ ಹೆಣ ಯಾರಿಗೂ ಸಿಗಲಿಲ್ಲ. ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟವೆಂದು ನಂಬುವ ಊರಿನಲ್ಲೇ ಇದೂ ನಡೆಯುತ್ತದೆ.

ಕಳೆದ ಎರಡು ಹಂಗಾಮಿನಲ್ಲಿ ನರಿಗೆ ಹೋದ ಮರಿ ಒಂದೇ ಒಂದು, ಅದೂ ಮೇಯಲು ಹೋದಲ್ಲಿ ಹಿಂದುಳಿದದ್ದು. ಆದರೆ ಹೋದ ಯುಗಾದಿಯ ಮುಂಚೆ ಒಂದೇ ರಾತ್ರಿ ಐದು ದೊಡ್ಡ ಕುರಿಗಳ ತೊಡೆ, ಪಕ್ಕೆ ಸಿಗಿದು ಬಿದ್ದಿದ್ದವು, ಯಾವುದನ್ನೂ ತಿಂದಿರಲಿಲ್ಲ. ಊರೆಲ್ಲ ನರಿಯೆಂದಿತು. ನರಿ ಮರಿಯ ಕತ್ತು ಹಿಡಿದು ಎತ್ತಿಕೊಂಡು ಹೋಗುತ್ತದೆ, ಹೀಗೆ ಹಿಂದಿನಿಂದ ಅಟ್ಟಿಸಿ ಕಚ್ಚಿ ಬಿಡುವುದು ಅದರ ಕ್ರಮವಲ್ಲ. ಮಾರನೆಯ ರಾತ್ರಿ ಮಗನೊಂದಿಗೆ ಕೆಂಪು ದೀಪ ಹಿಡಿದು ಕೂತೆ. ಎರಡು ಗಂಟೆಗೆ ಆರು ಜೊತೆ ಕಣ್ಣು ಬಂದವು, ಕಾಗದ ತೆಗೆದು ಬಿಳಿ ಬೆಳಕು ಬಿಟ್ಟೆ. ಮುಂದೆ ನಿಂತದ್ದರ ಕೊರಳಲ್ಲಿ ನೀಲಿ ಪಟ್ಟಿ ಇತ್ತು.