ಜರ್ಮನ್ ಪದ ನೆನಪಲ್ಲಿ ಉಳಿಯಬೇಕಾ? ಕಾರ್ಡ್ ನೀವೇ ಮಾಡಿ

ಜರ್ಮನ್ ಕ್ಲಾಸಿಗೆ ಸೇರಿದ ಮೊದಲ ತಿಂಗಳಲ್ಲೇ ಪದಗಳು ತಲೆಯಿಂದ ಸೋರತೊಡಗುತ್ತವೆ. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಗೆ ಇಲ್ಲ. ಇದಕ್ಕೆ ಆಂಕಿ ಎಂಬ ಸಾಫ್ಟ್‌ವೇರ್ ಇದೆ. ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಉಚಿತ, ಐಫೋನಿಗೆ ದುಡ್ಡು ಕೊಡಬೇಕು. ಪದ ಮರೆಯುವ ಹೊತ್ತಿಗೆ ಅದನ್ನು ಮತ್ತೆ ಎದುರಿಗೆ ತಂದಿಡುತ್ತದೆ. ಉಪಾಯ ಹಳೆಯದೇ. ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲೇ ಡಬ್ಬಿಯ ಖಾನೆಗಳಲ್ಲಿ ಚೀಟಿ ಇಟ್ಟು ಕಲಿಯುವುದನ್ನು ಹೇಳಿಕೊಟ್ಟಿದ್ದರು.

ಆಂಕಿ ತೆರೆದು 'ಜರ್ಮನ್ ಎ1' (ಎ1 ಅಂದರೆ ಆರಂಭದ ಹಂತ) ಅಂತ ಒಂದು ಡೆಕ್, ಅಂದರೆ ಕಾರ್ಡುಗಳ ಕಟ್ಟು, ಮಾಡಿ. ನೆಟ್‌ನಲ್ಲಿ ರೆಡಿಮೇಡ್ ಡೆಕ್ ಬೇಕಾದಷ್ಟು ಸಿಗುತ್ತವೆ. ಸದ್ಯಕ್ಕೆ ಮುಟ್ಟಬೇಡಿ. ಪಕ್ಕದವರ ನೋಟ್ಸ್ ಓದಿದ ಹಾಗಾಗುತ್ತದೆ.

ಈಗ ಕಾರ್ಡ್. ಮುಂದೆ ಮೇಜಿನ ಚಿತ್ರ, ಹಿಂದೆ 'ಡೇರ್ ಟಿಶ್'. ಬರೀ 'ಟಿಶ್' ಸಾಲದು, ಪದದ ಲಿಂಗ ತೋರಿಸುವ 'ಡೇರ್' ಕೂಡ ಬೇಕು. ಜರ್ಮನ್‌ನಲ್ಲಿ ಮೇಜು ಗಂಡು, ಬಾಗಿಲು ಹೆಣ್ಣು (ಡೀ ಟ್ಯೂರ್), ಕಿಟಕಿ ನಪುಂಸಕ (ಡಾಸ್ ಫೆನ್‌ಸ್ಟರ್). ಹುಡುಗಿಯೂ ನಪುಂಸಕವೇ, ಡಾಸ್ ಮೇಡ್‌ಷೆನ್. ನಗಬೇಡಿ, ನಮ್ಮಲ್ಲೂ ಕೆಲವು ಕಡೆ ಹುಡುಗಿಯನ್ನು 'ಅದು ಬಂತು' ಅನ್ನುತ್ತಾರಲ್ವಾ? ಡೇರ್ ಪದಗಳಿಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು ಬಣ್ಣ ಕೊಡಿ. ಪರೀಕ್ಷೆಯಲ್ಲಿ ಪದಕ್ಕಿಂತ ಮೊದಲು ಬಣ್ಣ ನೆನಪಾಗುತ್ತದೆ.

ಮುಂದಿನದು ದನಿ. ಫೋರ್ವೋ ತಾಣದಲ್ಲಿ ಜರ್ಮನ್ನರೇ ಹೇಳಿದ ಉಚ್ಚಾರಣೆ ಸಿಗುತ್ತದೆ, ಅದನ್ನು ಕಾರ್ಡಿಗೆ ಸೇರಿಸಿ. 'ಟ್ಯೂರ್' ಅಂತ ಬರೆದೆನಲ್ಲ, ಆ ಸ್ವರ ಕನ್ನಡದಲ್ಲಿ ಇಲ್ಲವೇ ಇಲ್ಲ. 'ಈ' ಅನ್ನುತ್ತಾ, ನಾಲಿಗೆ ಅಲುಗಿಸದೆ, ಸೀಟಿ ಊದುವ ಹಾಗೆ ತುಟಿ ಮುಂದೆ ಮಾಡಿ. ಅದೇ ಸ್ವರ. ಕಂಪ್ಯೂಟರಿನಲ್ಲಿ ಕಾರ್ಡ್ ನೋಡುವಾಗ ಶಿಫ್ಟ್ ಜೊತೆ ವಿ ಒತ್ತಿದರೆ ನಿಮ್ಮ ದನಿ ರೆಕಾರ್ಡ್ ಆಗುತ್ತದೆ. ಆಮೇಲೆ ಆರ್ ಒತ್ತಿ ಅವರದು ಕೇಳಿ, ವಿ ಒತ್ತಿ ನಿಮ್ಮದು ಕೇಳಿ. ಮೊದಲ ದಿನ ನಾಚಿಕೆ ಆಗುತ್ತದೆ. ಆಗಲಿ ಬಿಡಿ.

ಕಾರ್ಡಿನಲ್ಲಿ ಜರ್ಮನ್ ಅಕ್ಷರ ಟೈಪ್ ಮಾಡಲು ಜರ್ಮನ್ ಕೀಬೋರ್ಡ್ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲೇ ಸೇರಿಸಬಹುದು. ಅದರಲ್ಲಿ ವೈ ಮತ್ತು ಝಡ್ ಅದಲುಬದಲು, ಅಷ್ಟು ಗೊತ್ತಿದ್ದರೆ ಸಾಕು.

ದಿನಕ್ಕೆ ಹತ್ತೇ ಹೊಸ ಕಾರ್ಡ್. ನಾನು ಹುಮ್ಮಸ್ಸಿನಲ್ಲಿ ದಿನಕ್ಕೆ ಅರವತ್ತು ಹಾಕಿಕೊಂಡೆ. ಎರಡನೇ ವಾರ ನೋಡಿದರೆ ಮುನ್ನೂರಕ್ಕೂ ಜಾಸ್ತಿ ಕಾರ್ಡ್ ಸಾಲುಗಟ್ಟಿ ನಿಂತಿದ್ದವು. ಸುಮ್ನೆ ಮುಚ್ಚಿಟ್ಟೆ, ಒಂದು ತಿಂಗಳು ತೆರೆಯಲೇ ಇಲ್ಲ.

ಇನ್ನೊಂದು ವಿಷಯ. ಉತ್ತರ ನೋಡಿದಾಗ ಪದ ಮರೆತಿದ್ದರೆ 'ಅಗೇನ್' ಗುಂಡಿ ಒತ್ತಿ. 'ಹಾರ್ಡ್' ಒತ್ತಿದರೆ, ಕಷ್ಟಪಟ್ಟಾದರೂ ನೆನಪಾಯಿತು ಅಂತ ಆಂಕಿ ಲೆಕ್ಕ ಹಾಕಿ, ಆ ಕಾರ್ಡನ್ನು ಇನ್ನೂ ದೂರ ತಳ್ಳಿಬಿಡುತ್ತದೆ.